ಕಾನ್‌ಸ್ಟಿಟ್ಯೂಷನ್ ಹಿಲ್

ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್ ನಗರದ ಬ್ರಾಮ್‌ಫಾಂಟೇನ್ ದಿಣ್ಣೆಯ ಮೇಲಿರುವ ಐತಿಹಾಸಿಕ ಆವರಣ. ಸುಮಾರು ತೊಂಬತ್ತು ವರ್ಷ ಸೆರೆಮನೆಯಾಗಿದ್ದ ಈ ಜಾಗದಲ್ಲಿ 2004ರಿಂದ ಆ ದೇಶದ ಸಂವಿಧಾನ ನ್ಯಾಯಾಲಯವಿದೆ. ಹಳೆಯ ಸೆರೆಮನೆಗಳು ವಸ್ತುಸಂಗ್ರಹಾಲಯಗಳಾಗಿವೆ.

ಇಲ್ಲಿ ಮೊದಲ ಸೆರೆಮನೆಯನ್ನು 1890ರ ದಶಕದ ಆರಂಭದಲ್ಲಿ ಕಟ್ಟಿಸಿದ್ದು ಪಾಲ್ ಕ್ರೂಗರನ ಬೋಯರ್ (ಡಚ್ ಮೂಲದ ವಲಸಿಗರ) ಸರ್ಕಾರ. ಆ ಸರ್ಕಾರವನ್ನು ಉರುಳಿಸಲು ಬ್ರಿಟಿಷರ ಕಡೆಯವರು 1895ರ ಕೊನೆಯಲ್ಲಿ ನಡೆಸಿದ ಜೇಮ್ಸನ್ ದಾಳಿಯ ನಂತರ, ಬ್ರಿಟಿಷರನ್ನು ತಡೆಯಲೂ ಚಿನ್ನದ ಗಣಿಗಳನ್ನು ನಂಬಿ ಬಂದು ನೆಲೆಸಿದ್ದ ಹೊರಗಿನವರ ಮೇಲೆ ಕಣ್ಣಿಡಲೂ ಅದರ ಸುತ್ತ ಕೋಟೆ ಎದ್ದಿತು. 1900ರಲ್ಲಿ ನಗರ ಬ್ರಿಟಿಷರ ಕೈಸೇರಿತು. ಕೋಟೆ ಮತ್ತೆ ಸೆರೆಮನೆಯಾಯಿತು. ಬಿಳಿಯ ಗಂಡಸರು ಕೋಟೆಯೊಳಗೆ, ಕರಿಯ ಗಂಡಸರು ಪಕ್ಕದ 'ನಂಬರ್ ಫೋರ್' ಎಂಬ ಸೆರೆಮನೆಯಲ್ಲಿ. ಸುಮಾರು 1910ರಲ್ಲಿ ಮಹಿಳಾ ಸೆರೆಮನೆ, 1928ರಲ್ಲಿ ವಿಚಾರಣಾಧೀನ ಕೈದಿಗಳ ಕಟ್ಟಡ ಸೇರಿಕೊಂಡವು.

1908ರ ಜನವರಿಯಲ್ಲಿ ಏಷ್ಯನ್ನರ ನೋಂದಣಿ ಕಾಯಿದೆಯನ್ನು ಧಿಕ್ಕರಿಸಿದ ಮೋಹನದಾಸ ಗಾಂಧಿ ತಮ್ಮ ಮೊದಲ ಸೆರೆವಾಸ ಅನುಭವಿಸಿದ್ದು ಇಲ್ಲಿಯೇ. ಭಾರತೀಯರನ್ನು ಕರಿಯರ ಜೊತೆ ಇರಿಸಿದ್ದಕ್ಕೆ ಆಗ ಅವರು ಆಕ್ಷೇಪಿಸಿ ಬರೆದದ್ದೂ ಚರಿತ್ರೆಯ ಭಾಗವೇ, ಅದನ್ನು ಮರೆಮಾಚಬೇಕಾಗಿಲ್ಲ. ವರ್ಣಭೇದ ನೀತಿಯ ವಿರೋಧಿಗಳ ಮೇಲೆ ಹೂಡಿದ್ದ 1956ರ ದೇಶದ್ರೋಹದ ಮೊಕದ್ದಮೆಯ ಆರೋಪಿಗಳನ್ನು ಈ ಆವರಣದಲ್ಲಿ ಕೂಡಿಹಾಕಲಾಗಿತ್ತು. 1962ರಲ್ಲಿ ಸೆರೆಯಾದ ನೆಲ್ಸನ್ ಮಂಡೇಲಾ ಅವರನ್ನು ಕೋಟೆಯ ಆಸ್ಪತ್ರೆ ವಿಭಾಗದಲ್ಲಿ ಇರಿಸಿದ್ದರು. ವರ್ಣಭೇದ ವಿರೋಧಿ ಹೋರಾಟಗಾರ್ತಿಯರಾದ ಆಲ್ಬರ್ಟಿನಾ ಸಿಸುಲು, ವಿನ್ನಿ ಮಂಡೇಲಾ, ಫಾತಿಮಾ ಮೀರ್ ಮಹಿಳಾ ಸೆರೆಮನೆ ಕಂಡವರು. ಆದರೆ ಈ ಗೋಡೆಗಳ ನಡುವೆ ನವೆದವರಲ್ಲಿ ಹೆಸರಿಲ್ಲದವರೇ ಹೆಚ್ಚು. ಕರಿಯರು ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಗುರುತಿನ 'ಪಾಸ್' ಪುಸ್ತಕ ಜೇಬಿನಲ್ಲಿ ಇಲ್ಲದಿದ್ದದ್ದು, ಹೊಟ್ಟೆಪಾಡಿಗೆ ಮನೆಯಲ್ಲಿ ಬಿಯರ್ ಕಾಯಿಸಿದ್ದು ಇವೇ ಅವರ ಅಪರಾಧ. ನಂಬರ್ ಫೋರ್‌ನಲ್ಲಿ ಕೈದಿಗಳನ್ನು ಬೆತ್ತಲೆ ಮಾಡಿ, ಮೈಯಲ್ಲಿ ಏನನ್ನೂ ಬಚ್ಚಿಟ್ಟಿಲ್ಲವೆಂದು ತೋರಿಸಲು ಎಲ್ಲರೆದುರು ಕುಣಿಸುತ್ತಿದ್ದರು. ಇದನ್ನು 'ತೌಸಾ' ಎನ್ನುತ್ತಿದ್ದರು. ಸಂಗ್ರಹಾಲಯದಲ್ಲಿ ನಾಯಕರ ಕಥೆಗಳ ಜೊತೆಗೆ ಇಂಥ ಸಾಮಾನ್ಯ ಕೈದಿಗಳ ಮಾತಿಗೂ ಜಾಗ ಕೊಟ್ಟದ್ದು ಅತ್ಯಂತ ಸರಿಯಾದ ಕೆಲಸ.

1983ರಲ್ಲಿ ಸೆರೆಮನೆ ಮುಚ್ಚಿತು, ಆವರಣ ಪಾಳುಬಿತ್ತು. ಇತ್ತ ವರ್ಣಭೇದ ನೀತಿ ಕೊನೆಗೊಂಡು 1995ರಲ್ಲಿ ಕೆಲಸ ಆರಂಭಿಸಿದ ಸಂವಿಧಾನ ನ್ಯಾಯಾಲಯ, ಬಾಡಿಗೆ ಕಚೇರಿಯಲ್ಲಿ ಕುಳಿತೇ ಅದೇ ವರ್ಷದ ಜೂನ್‌ನಲ್ಲಿ ಮರಣದಂಡನೆಯನ್ನು ರದ್ದುಪಡಿಸಿತು. ಸ್ವಂತ ಕಟ್ಟಡಕ್ಕೆ ನ್ಯಾಯಮೂರ್ತಿಗಳು ಈ ಜಾಗವನ್ನೇ ಆರಿಸಿಕೊಂಡರು. ವಿನ್ಯಾಸ ಸ್ಪರ್ಧೆಯಲ್ಲಿ ಡರ್ಬನ್‌ನ ಓಎಂಎಂ ಡಿಸೈನ್ ವರ್ಕ್‌ಶಾಪ್ ಮತ್ತು ಜೊಹಾನ್ಸ್‌ಬರ್ಗ್‌ನ ಅರ್ಬನ್ ಸಲ್ಯೂಷನ್ಸ್ ಗೆದ್ದವು.

ಹೊಸ ಕಟ್ಟಡಕ್ಕೆ ಎಡೆಮಾಡಲು ವಿಚಾರಣಾಧೀನ ಕೈದಿಗಳ ಕಟ್ಟಡವನ್ನು ಕೆಡವಬೇಕಾಯಿತು. ಸ್ಮಾರಕದ ಒಂದು ಭಾಗವನ್ನು ಕಳೆದುಕೊಳ್ಳುವುದು ಹಗುರವಾದ ತೀರ್ಮಾನವಲ್ಲ. ಅದರ ನಾಲ್ಕು ಮೆಟ್ಟಿಲು ಗೋಪುರಗಳನ್ನು ಮಾತ್ರ ನಿಂತಲ್ಲೇ ಉಳಿಸಿಕೊಂಡು, ಕಿತ್ತ ಇಟ್ಟಿಗೆಯನ್ನು ನ್ಯಾಯಸಭಾಂಗಣದ ಗೋಡೆಗೂ ನಂಬರ್ ಫೋರ್ ಪಕ್ಕದ 'ಗ್ರೇಟ್ ಆಫ್ರಿಕನ್ ಸ್ಟೆಪ್ಸ್' ಮೆಟ್ಟಿಲುಸಾಲಿಗೂ ಬಳಸಿದರು. ಇಟ್ಟಿಗೆಗಳು ಸ್ಥಳ ಬಿಟ್ಟು ಹೋಗಲಿಲ್ಲ. ನಷ್ಟವನ್ನು ಒಪ್ಪಿಕೊಳ್ಳಲು ಅಷ್ಟು ಸಾಕೆನಿಸುತ್ತದೆ. ಊರ ಹಿರಿಯರು ಮರದ ನೆರಳಲ್ಲಿ ನ್ಯಾಯ ತೀರ್ಮಾನಿಸುತ್ತಿದ್ದ ಆಫ್ರಿಕದ ಪದ್ಧತಿ, ನಮ್ಮ ಅರಳಿಕಟ್ಟೆಯ ಪಂಚಾಯಿತಿಯಂಥದ್ದು, ಇಡೀ ವಿನ್ಯಾಸದ ಮೂಲ. ಆದ್ದರಿಂದಲೇ ಮೊಗಸಾಲೆಯ ಕಂಬಗಳು ಮರಗಳ ಹಾಗೆ ಓರೆಯಾಗಿ ನಿಂತಿವೆ. ಎತ್ತರದ ಮರದ ಬಾಗಿಲಿನ ಮೇಲೆ ಹಕ್ಕುಗಳ ಸನ್ನದಿನ 27 ವಿಷಯಗಳನ್ನು ಕೆತ್ತಲಾಗಿದೆ. ಸಭಾಂಗಣದಲ್ಲಿ 11 ನ್ಯಾಯಮೂರ್ತಿಗಳ ಪೀಠದ ಮುಂಭಾಗಕ್ಕೆ ಒಂದರಂತೆ ಇನ್ನೊಂದಿಲ್ಲದ ಹಸುವಿನ ಚರ್ಮಗಳನ್ನು ಹೊದಿಸಿದ್ದಾರೆ. ಉದ್ದನೆಯ ಕಿಟಕಿಪಟ್ಟಿಯಲ್ಲಿ ಹೊರಗೆ ಓಡಾಡುವವರ ಕಾಲುಗಳು ಕಾಣುತ್ತವೆ. ನ್ಯಾಯಾಲಯದ ಕಲಾಸಂಗ್ರಹವನ್ನು ಕಟ್ಟಿ ಬೆಳೆಸಿದವರಲ್ಲಿ ಇಲ್ಲಿ ನ್ಯಾಯಮೂರ್ತಿಯಾಗಿದ್ದ ಆಲ್ಬೀ ಸ್ಯಾಕ್ಸ್ ಪ್ರಮುಖರು. ವರ್ಣಭೇದ ನೀತಿಯ ಆಡಳಿತ 1988ರಲ್ಲಿ ಮಪುಟೊದಲ್ಲಿ ಇಟ್ಟ ಬಾಂಬಿಗೆ ಅವರು ಬಲಗೈ ಕಳೆದುಕೊಂಡಿದ್ದರು.

ಕಟ್ಟಡದ ಉದ್ಘಾಟನೆ 2004ರ ಮಾರ್ಚ್ 21ರಂದು, ದೇಶದ ಮಾನವ ಹಕ್ಕುಗಳ ದಿನ ನಡೆಯಿತು. 1960ರಲ್ಲಿ ಪಾಸ್ ಕಾನೂನನ್ನು ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದ ಶಾರ್ಪ್‌ವಿಲ್ ಹತ್ಯಾಕಾಂಡ ನಡೆದದ್ದೂ ಅದೇ ದಿನಾಂಕದಂದು. ಮಹಿಳಾ ಸೆರೆಮನೆಯ ಆವರಣದಲ್ಲಿ ಲಿಂಗ ಸಮಾನತಾ ಆಯೋಗಕ್ಕೆ ಕಚೇರಿ ದೊರೆಯಿತು. 2024ರಲ್ಲಿ ದೆಹಲಿಯಲ್ಲಿ ಸೇರಿದ್ದ ಯುನೆಸ್ಕೊದ ವಿಶ್ವ ಪರಂಪರೆ ಸಮಿತಿ, ಮಂಡೇಲಾ ಪರಂಪರೆಯ ತಾಣಗಳ ಸಮೂಹದಲ್ಲಿ ಕಾನ್‌ಸ್ಟಿಟ್ಯೂಷನ್ ಹಿಲ್ ಅನ್ನೂ ಪಟ್ಟಿಗೆ ಸೇರಿಸಿತು.