ಇದ್ದಿಲು ಪುಡಿಯ ಒಲೆ

ಇದ್ದಿಲು ಪುಡಿಯ ಒಲೆ: ಸೌದೆ ಉರಿದ ಮೇಲೆ ಉಳಿಯುವ ಇದ್ದಿಲ ಚೂರು ಮತ್ತು ಪುಡಿಯನ್ನು ಅಂಟಿನೊಂದಿಗೆ ಕಲಸಿ ಬಿಲ್ಲೆಯಾಗಿ ಒತ್ತಿ, ಹೊಗೆಯೂ ವಿಷಾನಿಲವೂ ಆದಷ್ಟು ಕಡಿಮೆಯಾಗುವಂತೆ ಉರಿಸಲು ರೂಪಿಸಿದ ಮನೆಬಳಕೆಯ ಅಡುಗೆ ಒಲೆ. ಇಲ್ಲಿ ಅದರ ರಚನೆಯನ್ನು ಕೊಡಗು ಜಿಲ್ಲೆಯ ಅಮ್ಮತ್ತಿ ಸೀಮೆಯ ಹವೆ, ಇಂಧನ ಮತ್ತು ಅಡುಗೆಗಳನ್ನು ಮುಂದಿಟ್ಟುಕೊಂಡು ವಿವರಿಸಲಾಗಿದೆ.

ಹಿನ್ನೆಲೆ: ವಿರಾಜಪೇಟೆಯಿಂದ ಸಿದ್ದಾಪುರಕ್ಕೆ ಹೋಗುವ ರಸ್ತೆಯಲ್ಲಿರುವ ಅಮ್ಮತ್ತಿಯ ಸುತ್ತಲೂ ಕಾಫಿ, ಕಾಳುಮೆಣಸಿನ ತೋಟಗಳಿವೆ. ನೆರಳುಮರಗಳ ಕೊಂಬೆ ಸವರಿದಾಗ ಮತ್ತು ಹಳೆಯ ಕಾಫಿ ಗಿಡಗಳನ್ನು ಕಿತ್ತಾಗ ದೊರೆಯುವ ಸೌದೆ ಇಂಥ ತೋಟಗಳ ಕಾರ್ಮಿಕರ ಲೈನ್‌ಮನೆಗಳಲ್ಲಿ ಅಡುಗೆಗೂ, ಮನೆಗಳ ಬಚ್ಚಲ ಹಂಡೆಯ ಒಲೆಗೂ ಬಳಕೆಯಾಗುತ್ತದೆ. ಹಂಡೆಯ ಒಲೆಯಲ್ಲಿ ಉಳಿದ ಕೆಂಡವನ್ನು ನೀರು ಚಿಮುಕಿಸಿ ಆರಿಸಿದರೆ ಸಿಗುವ ಇದ್ದಿಲಿನ ಒಂದು ಪಾಲು ಪುಡಿಯಾಗಿ ಬೂದಿಯೊಂದಿಗೆ ಗುಂಡಿ ಸೇರುತ್ತದೆ. ಕೊಡಗಿಗೆ ಹೊಂದಿಕೊಂಡ ಪಿರಿಯಾಪಟ್ಟಣ, ಹುಣಸೂರು ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳ ಒಲೆಗಳಲ್ಲಿಯೂ ಇಂಥದೇ ಕಸ ಉಳಿಯುತ್ತದೆ. ಪುಡಿಯನ್ನು ಹಾಗೆಯೇ ಒಲೆಗೆ ಸುರಿದರೆ ಅದು ಜಾಲರಿಯ ಸಂದುಗಳನ್ನು ಮುಚ್ಚಿ ಗಾಳಿಯನ್ನು ತಡೆಯುವುದರಿಂದ ಬಿಲ್ಲೆ ಮಾಡುವುದು ಅನಿವಾರ್ಯವಾಗುತ್ತದೆ.

ಇಂಧನ: ಒಣ ಸೌದೆಯ ಒಂದು ಕಿಲೋದಲ್ಲಿ ಸುಮಾರು 15ರಿಂದ 18 ಮೆಗಾಜೂಲ್ ಶಾಖವಿದ್ದರೆ ಒಳ್ಳೆಯ ಇದ್ದಿಲಿನಲ್ಲಿ 28ರಿಂದ 30 ಮೆಗಾಜೂಲ್ ಇರುತ್ತದೆ, ಬೂದಿ ಬೆರೆತ ಪುಡಿಯ ಬಿಲ್ಲೆಯಲ್ಲಿ ಇದು 20ರ ಆಸುಪಾಸಿಗೆ ಇಳಿಯಬಹುದು. ಅಂಟಾಗಿ ಮರಗೆಣಸಿನ ಗಂಜಿ, ಸಗಣಿ ಅಥವಾ ಜೇಡಿಮಣ್ಣನ್ನು ಬಳಸುತ್ತಾರೆ. ಗಂಜಿ ತಾನೂ ಉರಿಯುವುದರಿಂದ ಶಾಖ ಹೆಚ್ಚು ಕುಗ್ಗುವುದಿಲ್ಲ. ಮಣ್ಣು ಅಗ್ಗವಾದರೂ ಬೂದಿಯನ್ನು ಹೆಚ್ಚಿಸುತ್ತದೆ. ಪೂರ್ತಿ ಇದ್ದಿಲಾಗದ ತುಣುಕುಗಳಲ್ಲಿ ಮರದ ಆವಿ ಉಳಿದಿದ್ದು ಅದೇ ಹೊಗೆಯಾಗುವುದರಿಂದ, ಕಂದು ಬಣ್ಣದ ಚೂರುಗಳನ್ನು ಮೊದಲೇ ಆರಿಸಿ ತೆಗೆಯಬೇಕು. ಬಿಲ್ಲೆಯ ಉದ್ದಕ್ಕೂ ಮೇಲಿಂದ ಕೆಳಗಿನವರೆಗೆ ತೂತುಗಳನ್ನು ಬಿಟ್ಟರೆ ಗಾಳಿ ಒಳಗಿನಿಂದಲೇ ಹಾಯ್ದು ಉರಿ ಸಮನಾಗುತ್ತದೆ. ಕೊಡಗಿನಲ್ಲಿ ಬಿಲ್ಲೆ ಒಣಗಿಸಲು ತಕ್ಕ ಕಾಲ ಬೇಸಿಗೆ. ಕಾಫಿ ಒಣಗಿ ಕಣ ತೆರವಾದ ಮೇಲೆ ಮುಂಗಾರಿಗೆ ಮುನ್ನ ವರ್ಷದ ಬಿಲ್ಲೆಗಳನ್ನು ಒಣಗಿಸಿ, ತೇವ ತಾಗದ ಅಟ್ಟಕ್ಕೆ ಏರಿಸಬೇಕಾಗುತ್ತದೆ.

ದಹನದ ತತ್ತ್ವ: ಇದ್ದಿಲಿನಲ್ಲಿ ಹೊಗೆ ಕಡಿಮೆ ಎಂಬ ಮಾತ್ರಕ್ಕೆ ಅದರ ಉರಿ ಶುದ್ಧವೆಂದು ಹೇಳಲಾಗದು. ಜಾಲರಿಯ ಕೆಳಗಿನಿಂದ ಬರುವ ಗಾಳಿ ಕೆಂಡದ ತಳಪದರದಲ್ಲಿ ಇಂಗಾಲವನ್ನು ಸುಟ್ಟು ಇಂಗಾಲದ ಡೈಆಕ್ಸೈಡನ್ನು ಉಂಟುಮಾಡುತ್ತದೆ. ಈ ಅನಿಲ ಮೇಲಿನ ಕೆಂಡದ ಮೂಲಕ ಏರುವಾಗ ಮತ್ತಷ್ಟು ಇಂಗಾಲದೊಡನೆ ಕೂಡಿ ಕಾರ್ಬನ್ ಮಾನಾಕ್ಸೈಡ್ ಆಗಿ ಮಾರ್ಪಡುತ್ತದೆ. ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುವುದರಿಂದ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಾಂತಿಕ. ದಕ್ಷಿಣ ಕೊರಿಯಾದಲ್ಲಿ ಮನೆ ಬೆಚ್ಚಗಿಡಲು ಬಳಕೆಯಾದ ತೂತುಬಿಲ್ಲೆ ಕಲ್ಲಿದ್ದಲಿನ ಅನಿಲ ನೆಲದ ಬಿರುಕುಗಳಿಂದ ಸೋರಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅನೇಕರ ಸಾವಿಗೆ ಕಾರಣವಾಯಿತು. ಮಳೆಗಾಲದಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು ಅಗ್ಗಿಷ್ಟಿಕೆಯ ಮುಂದೆ ಮೈ ಕಾಯಿಸುವ ಕೊಡಗಿನಂಥ ನಾಡಿನಲ್ಲಿ ಈ ಎಚ್ಚರಿಕೆ ವಿನ್ಯಾಸದ ಮೊದಲ ಹೆಜ್ಜೆಯಾಗಬೇಕು.

ಇಲ್ಲಿ ಆರೋಗ್ಯದ ಹಿತವೂ ಇಂಧನದ ಉಳಿತಾಯವೂ ಒಂದೇ ದಾರಿಯಲ್ಲಿವೆ. ಒಂದು ಕಿಲೋ ಇಂಗಾಲ ಪೂರ್ತಿ ಉರಿದರೆ ಸುಮಾರು 33 ಮೆಗಾಜೂಲ್ ಶಾಖ ಬಿಡುಗಡೆಯಾಗುತ್ತದೆ. ಮಾನಾಕ್ಸೈಡ್ ಹಂತದಲ್ಲೇ ನಿಂತರೆ ದೊರೆಯುವುದು 9 ಮೆಗಾಜೂಲ್ ಮಾತ್ರ. ಪೂರ್ತಿ ಉರಿಯಲು ಆ ಒಂದು ಕಿಲೋಗೆ ಸುಮಾರು 11.5 ಕಿಲೋ, ಅಂದರೆ ಹತ್ತು ಘನಮೀಟರಿನಷ್ಟು ಗಾಳಿ ಬೇಕು.

ರಚನೆ: ಆದುದರಿಂದ ಒಲೆಗೆ ಎರಡು ಗಾಳಿಮಾರ್ಗಗಳಿರಬೇಕು. ಜಾಲರಿಯ ಕೆಳಗಿನಿಂದ ಬರುವ ಮೊದಲ ಗಾಳಿ ಕೆಂಡವನ್ನು ಉರಿಸುತ್ತದೆ. ಜಾರುಬಾಗಿಲಿನಿಂದ ಅದನ್ನು ಹೆಚ್ಚುಕಡಿಮೆ ಮಾಡಿ ಉರಿಯನ್ನು ಹತೋಟಿಯಲ್ಲಿಡಬಹುದು. ಎರಡನೆಯ ಗಾಳಿ ಒಲೆಯ ಬಿಸಿಗೋಡೆಯ ಸಂದಿನಲ್ಲಿ ಏರುತ್ತ ಕಾದು, ಕೆಂಡದ ಮೇಲ್ಭಾಗದಲ್ಲಿರುವ ಸಣ್ಣ ತೂತುಗಳಿಂದ ಒಳಗೆ ಬಂದು ಮಾನಾಕ್ಸೈಡನ್ನು ಉರಿಸುತ್ತದೆ. ಈ ಅನಿಲ ಹೊತ್ತಿಕೊಳ್ಳಲು 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣಾಂಶ ಬೇಕಾದ್ದರಿಂದ ಒಳಗೋಡೆಗೆ ಶಾಖವನ್ನು ಹಿಡಿದಿಡುವ ಸುಟ್ಟ ಮಣ್ಣಿನ ಅಸ್ತರಿ ಇರಬೇಕು. 1980ರ ದಶಕದಲ್ಲಿ ಕೀನ್ಯಾದಲ್ಲಿ ಹರಡಿದ ಇದ್ದಿಲಿನ ಒಲೆ ಜಿಕೊ ಗೆದ್ದುದೂ ಇಂಥ ಅಸ್ತರಿಯ ಬಲದಿಂದ. ಪಾತ್ರೆ ಕೆಂಡಕ್ಕೆ ತೀರ ಹತ್ತಿರವಿದ್ದರೆ ಅದರ ತಣ್ಣನೆಯ ತಳಕ್ಕೆ ತಾಗಿ ಜ್ವಾಲೆ ಆರುತ್ತದೆ. ತೀರ ದೂರವಿದ್ದರೆ ಶಾಖ ಹೊರಗೆ ಹೋಗುತ್ತದೆ. ಕೆಂಡದ ಮೇಲೆ ಆಡುವ ಗಿಡ್ಡ ನೀಲಿ ಜ್ವಾಲೆ ಮಾನಾಕ್ಸೈಡ್ ಉರಿಯುತ್ತಿರುವುದರ ಗುರುತು. ಇಷ್ಟಾದರೂ ಹೊತ್ತಿಸುವಾಗ ಮತ್ತು ಹೊಸ ಬಿಲ್ಲೆ ಇಡುವಾಗ ವಿಷಾನಿಲ ಹೆಚ್ಚುವುದರಿಂದ, ಅಡುಗೆಮನೆಯಲ್ಲಿ ಕಟ್ಟುವ ಒಲೆಗೆ ಸೂರಿನಿಂದ ಮೇಲೆದ್ದ ಹೊಗೆಕೊಳವೆ ಇರಲೇಬೇಕು. ಹೊತ್ತು ಸಾಗಿಸುವ ಒಲೆಯನ್ನು ಅಂಗಳದಲ್ಲಿ ಹೊತ್ತಿಸಿ, ಗಾಳಿಯಾಡುವ ಜಾಗದಲ್ಲಿಯೇ ಬಳಸಬೇಕು.

ಅಳತೆಯ ಲೆಕ್ಕ ಸರಳವಾದುದು. ಐದು ಲೀಟರ್ ನೀರನ್ನು 25 ಡಿಗ್ರಿಯಿಂದ ಕುದಿಗೆ ತರಲು 1.6 ಮೆಗಾಜೂಲ್ ಬೇಕು. ಒಲೆಯ ದಕ್ಷತೆ, ಅಂದರೆ ಇಂಧನದ ಶಾಖದಲ್ಲಿ ಪಾತ್ರೆಗೆ ಸೇರುವ ಪಾಲು, ನೂರಕ್ಕೆ 30 ಎಂದಾದರೆ ಸುಮಾರು 260 ಗ್ರಾಂ ಬಿಲ್ಲೆ ಸಾಕಾಗುತ್ತದೆ. ಕಡಂಬುಟ್ಟು, ಪಾಪುಟ್ಟುಗಳಂತೆ ಹಬೆಯಲ್ಲಿ ಬೇಯುವ ತಿನಿಸುಗಳಿಗೆ ಬೇಕಾದುದು ಏಕರೀತಿಯ ಉರಿ. ಅಕ್ಕಿ ರೊಟ್ಟಿ ಉಬ್ಬಿಸಲು ಬೇಕಾದುದು ಹೊಗೆಯಿಲ್ಲದ ಕೆಂಡ. ಈ ಎರಡಕ್ಕೂ ಬಿಲ್ಲೆಯ ಉರಿ ಒಗ್ಗುತ್ತದೆ.

ಪೂರ್ವೋದಾಹರಣೆಗಳು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರ ರೂಪಿಸಿದ ಅಸ್ತ್ರ ಒಲೆ, ಮುಚ್ಚಿದ ಉರಿಗೂಡು, ಜಾಲರಿ, ಸಾಲಾಗಿ ಮೂರು ಪಾತ್ರೆ ಮತ್ತು ಹೊಗೆಕೊಳವೆಗಳಿಂದ ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾಯಿತು. ಅದು ಸೌದೆಯ ಒಲೆಯಾದರೂ ಗಾಳಿಯನ್ನು ಅಳೆದು ಬಿಡುವ ಪಾಠ ಇಲ್ಲಿಗೂ ಸಲ್ಲುತ್ತದೆ. ಪುಣೆಯಲ್ಲಿ ಆನಂದ ಕರ್ವೆಯವರು ಸ್ಥಾಪಿಸಿದ ಆರ್ಟಿ ಸಂಸ್ಥೆ ಕಬ್ಬಿನ ಒಣರವದಿಯನ್ನು ಇದ್ದಿಲು ಮಾಡಿ ಬಿಲ್ಲೆಯಾಗಿಸುವ ವಿಧಾನಕ್ಕೆ 2002ರಲ್ಲಿ ಆಶ್ಡನ್ ಪ್ರಶಸ್ತಿ ಪಡೆಯಿತು. ಅದೇ ಸಂಸ್ಥೆಯ ಸರಾಯ್ ಎಂಬ ಹಬೆಪಾತ್ರೆ ಕುಟುಂಬವೊಂದರ ಊಟವನ್ನು ಸುಮಾರು ನೂರು ಗ್ರಾಂ ಬಿಲ್ಲೆಯಲ್ಲಿ ಬೇಯಿಸುವಂಥದು.

ಪರೀಕ್ಷೆಯ ಮಾನದಂಡ: ಸಾಗಿಸಬಲ್ಲ ಜೈವಿಕ ಇಂಧನದ ಒಲೆಗಳಿಗೆ ಭಾರತೀಯ ಮಾನಕ ಸಂಸ್ಥೆಯ 2013ರ ಮಾನಕವು (ಐಎಸ್ 13152) ಫ್ಯಾನ್ ಇಲ್ಲದ ಒಲೆಗೆ ನೂರಕ್ಕೆ ಕನಿಷ್ಠ 25 ದಕ್ಷತೆಯನ್ನೂ, ಪಾತ್ರೆಗೆ ಸೇರಿದ ಪ್ರತಿ ಮೆಗಾಜೂಲ್‌ಗೆ ಗರಿಷ್ಠ 5 ಗ್ರಾಂ ಮಾನಾಕ್ಸೈಡನ್ನೂ ಗೊತ್ತುಪಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ 2014ರ ಮಾರ್ಗಸೂಚಿ ಇನ್ನೂ ಕಟ್ಟುನಿಟ್ಟಾದುದು: ಹೊಗೆಕೊಳವೆಯಿಲ್ಲದ ಒಲೆ ನಿಮಿಷಕ್ಕೆ 0.16 ಗ್ರಾಂ, ಕೊಳವೆಯಿರುವ ಒಲೆ 0.59 ಗ್ರಾಂ ಮಾನಾಕ್ಸೈಡನ್ನು ಮೀರಬಾರದು. ಇದ್ದಿಲಿನ ಒಲೆಯ ಅರ್ಹತೆಯನ್ನು ಹೊಗೆ ಕಾಣದಿರುವುದರಿಂದ ತೀರ್ಮಾನಿಸದೆ ಇಂಥ ಅಳತೆಗಳಿಂದಲೇ ನಿರ್ಣಯಿಸಬೇಕು.

ಮಿತಿಗಳು: ಮರ ಕಡಿದು ಇದ್ದಿಲು ಸುಟ್ಟರೆ ಈ ಒಲೆಯ ಉದ್ದೇಶವೇ ಕೆಡುತ್ತದೆ, ಏಕೆಂದರೆ ಸಾಂಪ್ರದಾಯಿಕ ಗೂಡುಗಳಲ್ಲಿ ಮರದ ಶಾಖದ ಅರ್ಧಕ್ಕಿಂತ ಹೆಚ್ಚು ಪಾಲು ಇದ್ದಿಲು ಮಾಡುವಾಗಲೇ ಕಳೆದುಹೋಗುತ್ತದೆ. ಉಳಿಕೆಯ ಪ್ರಮಾಣವೂ ಸೀಮಿತವಾದ್ದರಿಂದ ಇದನ್ನು ಅಡುಗೆ ಅನಿಲಕ್ಕೆ ಬದಲಿಯೆಂದು ತಿಳಿಯದೆ, ಹಬೆಯ ಅಡುಗೆ, ಕಾಳು ಬೇಯಿಸುವುದು ಮೊದಲಾದ ಹೆಚ್ಚು ಹೊತ್ತು ಹಿಡಿಯುವ ಕೆಲಸಗಳಿಗೆ ಪೂರಕವಾಗಿ ಬಳಸುವುದು ಯುಕ್ತ. ಗಂಜಿಯಂಟಿನ ಬಿಲ್ಲೆಯ ಬೂದಿ ಪೊಟ್ಯಾಷ್ ಉಳ್ಳ ಕ್ಷಾರವಸ್ತುವಾದ್ದರಿಂದ ಕೊಡಗಿನ ಹುಳಿಮಣ್ಣಿಗೆ ಮಿತವಾಗಿ ಹಾಕಬಹುದಾದ ಗೊಬ್ಬರವೂ ಆಗುತ್ತದೆ.