ನಲವತ್ತು ದಿನಗಳ ಹಾಸಿಗೆ

ಕಾಖಂಡಕಿ ಎಂದೊಡನೆ ನಮಗೆ ಮಹಿಪತಿದಾಸರು ನೆನಪಾಗುತ್ತಾರೆ, ಕಾರಹುಣ್ಣಿಮೆಯ ಎತ್ತುಗಳು ನೆನಪಾಗುತ್ತವೆ. ಆ ಎತ್ತುಗಳ ಜೊತೆ ದುಡಿಯುವ ರೈತನ ಮೈಯ ಚರಿತ್ರೆಯನ್ನು ಮಾತ್ರ ನಾವು ಬರೆದಿಟ್ಟುಕೊಂಡಿಲ್ಲ. ಎತ್ತಿದ ಭಾರ, ಹಳೆಯ ಕೆಮ್ಮು, ಮಲಬದ್ಧತೆ ಇವುಗಳ ಒತ್ತಡಕ್ಕೆ ತೊಡೆಸಂದಿಯ ದುರ್ಬಲ ಜಾಗದಲ್ಲಿ ಕರುಳು ಹೊರಚಾಚುವುದೇ ಹರ್ನಿಯಾ. ಹಕೀಮರು ಇದನ್ನು ಫತಕ್ ಎಂದರು. ಜನ ಅಂಡವಾಯು ಎಂದರು, ನಾಚಿಕೆಯಿಂದ ಮುಚ್ಚಿಟ್ಟರು.

ಭಾರ ಹೊರುವುದು, ತನಗಿಂತ ಬಲಶಾಲಿಯೊಡನೆ ಸೆಣಸುವುದು, ಮರದಿಂದ ಬೀಳುವುದು ಈ ರೋಗಕ್ಕೆ ಕಾರಣವೆಂದು ಸುಶ್ರುತ ಸಂಹಿತೆ ಹೇಳುತ್ತದೆ. ಗಾಯಗೊಂಡವರ ಆರೈಕೆಗೆಂದೇ ಅದರಲ್ಲೊಂದು ಅಧ್ಯಾಯವಿದೆ. ವಿಶಾಲವಾದ ಹಾಸಿಗೆ ಬೇಕು, ಹಿತವಾದ ಮಾತಾಡುವ ಗೆಳೆಯರು ಬಳಿಯಿರಬೇಕು, ಏಳುವಾಗ, ಮಗ್ಗುಲು ಬದಲಿಸುವಾಗ ಗಾಯವನ್ನು ಕಾಪಾಡಿಕೊಳ್ಳಬೇಕು ಎನ್ನುತ್ತದೆ ಅದು.

ಕ್ರಿ.ಶ. 1000ರ ಸುಮಾರಿಗೆ ಸ್ಪೇನಿನ ಕಾರ್ಡೋಬಾದ ಅಬುಲ್ ಕಾಸಿಮ್ ಅಝ್ಝಹ್ರಾವಿ ಮೂವತ್ತು ಭಾಗಗಳ ‘ಅತ್ತಸ್ರೀಫ್’ ಬರೆದರು. ಹರ್ನಿಯಾದ ಜಾಗಕ್ಕೆ ಕಾದ ಕಬ್ಬಿಣದಿಂದ ಬರೆ ಹಾಕಿದ ಮೇಲೆ ರೋಗಿ ನಲವತ್ತು ದಿನ ಅಂಗಾತ ಮಲಗಿರಬೇಕೆಂದು ಅವರು ವಿಧಿಸಿದರು. ಮುಕ್ಕರಿಸದಂತೆ ಮೆತ್ತನೆಯ ಆಹಾರ ಕೊಡಬೇಕು. ಎದ್ದ ಮೇಲೂ ಇನ್ನು ನಲವತ್ತು ದಿನ ಪಟ್ಟಿ ಬಿಗಿದುಕೊಂಡಿರಬೇಕು. ದುಡಿಮೆ, ಅತಿಯಾದ ಊಟ, ಕಿರುಚಾಟ ಕಡಿಮೆ ಮಾಡಬೇಕು.

ವೈದ್ಯಲೋಕದ ಈ ಎರಡು ಧಾರೆಗಳು ಸೇರಿದ ಊರುಗಳಲ್ಲಿ ನಮ್ಮ ವಿಜಯಪುರವೂ ಒಂದು. 1589ರಲ್ಲಿ ಇಲ್ಲಿಗೆ ಬಂದ ಫರಿಶ್ತಾ ಇತಿಹಾಸಕಾರನಷ್ಟೇ ಅಲ್ಲ, ಹಕೀಮನೂ ಆಗಿದ್ದ. ಇಮ್ಮಡಿ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿದ್ದ ಅವನು ಭಾರತೀಯ ವೈದ್ಯವನ್ನು ಕುರಿತು ಪಾರಸಿಯಲ್ಲಿ ‘ದಸ್ತೂರುಲ್ ಅತಿಬ್ಬಾ’ ರಚಿಸಿದ.

1880ರ ದಶಕದಲ್ಲಿ ಇಟಲಿಯ ಬಸ್ಸೀನಿ ಸ್ನಾಯುಗಳನ್ನು ಪದರುಪದರಾಗಿ ಹೊಲಿದು ಭದ್ರಪಡಿಸುವ ವಿಧಾನ ಕಂಡುಹಿಡಿದ. ಆದರೂ ರೋಗಿಗೆ ಹಾಸಿಗೆ ಬಹುಕಾಲ ತಪ್ಪಲಿಲ್ಲ. ದೀರ್ಘಕಾಲ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಎದೆಯಲ್ಲಿ ಕಫ ನಿಲ್ಲಬಹುದು ಎಂಬುದು ಮನವರಿಕೆಯಾದ ಮೇಲೆ ಪದ್ಧತಿ ತಿರುಗಿತು. 1945ರಲ್ಲಿ ಟೊರಾಂಟೊದಲ್ಲಿ ಆಸ್ಪತ್ರೆ ತೆರೆದ ಶೋಲ್ಡೈಸ್ ರೋಗಿಗಳನ್ನು ಬೇಗನೆ ನಡೆಸಿದ. 1980ರ ದಶಕದಲ್ಲಿ ಅಮೆರಿಕದ ಲಿಕ್ಟನ್‌ಸ್ಟೈನ್ ಜಾಲರಿ ಇಟ್ಟು ಹೊಲಿದು ಅದೇ ದಿನ ಮನೆಗೆ ಕಳಿಸಿದ.

ಹಾಸಿಗೆ ಚಿಕ್ಕದಾಯಿತು, ಆರೈಕೆಯ ತತ್ವ ಬದಲಾಗಲಿಲ್ಲ. ಹೊಟ್ಟೆಯೊಳಗಿನ ಒತ್ತಡ ಹೊಲಿಗೆಯ ಮೇಲೆ ಬೀಳಬಾರದು, ಅಷ್ಟೇ. ದಾದಿಯರು ರೋಗಿಯ ತಲೆ ತುಸು ಎತ್ತರಿಸಿ ಮೊಣಕಾಲ ಕೆಳಗೆ ದಿಂಬಿಡುವುದು ಇದಕ್ಕೇ; ಹೊಟ್ಟೆಯ ಸ್ನಾಯು ಸಡಿಲಾಗಿ ನೋವು ತಗ್ಗುತ್ತದೆ. ಏಳುವಾಗ ನೇರವಾಗಿ ಏಳದೆ ಮಗ್ಗುಲಾಗಿ, ಕಾಲು ಕೆಳಗಿಳಿಸಿ, ಮೊಣಕೈ ಊರಿ ಏಳಬೇಕು. ಕೆಮ್ಮು ಬಂದರೆ ಗಾಯದ ಮೇಲೆ ದಿಂಬು ಒತ್ತಿ ಹಿಡಿಯಬೇಕು. ಮೂತ್ರ ಸರಾಗವಾಗಿ ಹೋಯಿತೇ ಎಂದು ನೋಡಬೇಕು. ಜ್ವರ, ಕೀವು, ವಾಂತಿ, ಹೆಚ್ಚುವ ಬಾವು ಕಂಡರೆ ಆಸ್ಪತ್ರೆಗೆ ಮರಳಬೇಕು. ನಮಾಜ್ ಮಾಡುವವನಿಗೆ ನಿಲ್ಲಲಾಗದಿದ್ದರೆ ಕುಳಿತು, ಕೂರಲಾಗದಿದ್ದರೆ ಮಲಗಿ ಮಾಡಲು ಧರ್ಮವೇ ವಿನಾಯಿತಿ ಕೊಟ್ಟಿದೆ. ಹಠ ಹಿಡಿದು ಬಾಗುವುದು ಇಬಾದತ್ ಅಲ್ಲ.

ವಿಜಯಪುರದಲ್ಲಿ 1984ರಲ್ಲಿ ಅಲ್ ಅಮೀನ್, 1986ರಲ್ಲಿ ಬಿಎಲ್‌ಡಿಇ ವೈದ್ಯಕೀಯ ಕಾಲೇಜುಗಳು ಬಂದವು. ಕಾಖಂಡಕಿಯ ರೈತನಿಗೆ ಶಸ್ತ್ರಚಿಕಿತ್ಸೆ ಈಗ ದೂರದ ಮಾತಲ್ಲ. ಆದರೆ ರೋಗಿ ಬೇಗ ಮನೆ ಸೇರಿದಾಗ ದಾದಿಯ ಕೆಲಸ ಹೆಂಡತಿಯ, ತಾಯಿಯ ಕೈಗೆ ಬೀಳುತ್ತದೆ. ಅವರಿಗೆ ಕಲಿಸಿಕೊಡುವವರು ಯಾರು? ಬೇಗ ನಡೆಯಬಹುದು ಎಂದರೆ ಬೇಗ ಚೀಲ ಹೊರಬಹುದು ಎಂದರ್ಥವಲ್ಲ. ವೈದ್ಯರು ಹೇಳಿದಷ್ಟು ವಾರ ಭಾರ ಬಿಡಬೇಕು. ಆದರೆ ದಿನಗೂಲಿಯವನಿಗೆ ಕೂಲಿ ಬಿಟ್ಟರೆ ಒಲೆ ಹೊತ್ತುವುದಿಲ್ಲ. ಅಝ್ಝಹ್ರಾವಿಯ ನಲವತ್ತು ದಿನಗಳನ್ನು ವೈದ್ಯಶಾಸ್ತ್ರ ಇಳಿಸಿತು. ಬಡವನಿಗೆ ಬೇಕಾದ ಆ ಕೆಲವು ವಾರಗಳ ಅನ್ನವನ್ನು ಹೊಂದಿಸಿಕೊಡಬೇಕಾದವರು ಅವನ ನೆರೆಹೊರೆಯವರಾದ ನಾವು.