ಕಾಣುವ ಗಾಯ, ಕಾಣದ ಗಾಯ: ರಾಯಚೂರು ಸೀಮೆಯ ದುಡಿಮೆಯ ಇತಿಹಾಸ

ಕೆಲಸದಲ್ಲಿ ಆಗುವ ಗಾಯ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ನೆತ್ತರು, ಮುರಿದ ಕೈ, ಆಸ್ಪತ್ರೆ. ಆದರೆ ಆದ ದಿನ ಗಾಯಾಳುವಿಗೇ ತಿಳಿಯದೆ, ಹತ್ತು ಹದಿನೈದು ವರ್ಷಗಳ ಮೇಲೆ ಕೆಮ್ಮಾಗಿ, ಉಬ್ಬಸವಾಗಿ ಕಾಣಿಸಿಕೊಳ್ಳುವ ಗಾಯವೂ ಉಂಟು. ರಾಯಚೂರು ಸೀಮೆಯ ದುಡಿಮೆಯಲ್ಲಿ ಎರಡೂ ಇವೆ. ಮೊದಲನೆಯದನ್ನು ತಡೆಯಲು ಕಾಯ್ದೆ ಮೊದಲೇ ಬಂತು. ಎರಡನೆಯದು ಗಾಯವೆಂದು ಒಪ್ಪಿಕೊಳ್ಳುವುದಕ್ಕೇ ಬಹಳ ಕಾಲ ಹಿಡಿಯಿತು.

ರಾಯಚೂರು ನಗರಕ್ಕೆ ಯಂತ್ರಗಳು ಬಂದದ್ದು ರೈಲಿನ ಬೆನ್ನಲ್ಲಿ. 1871ರಲ್ಲಿ ಮುಂಬಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ಇಲ್ಲಿ ಕೂಡಿದವು. ಎರೆಭೂಮಿಯ ಹತ್ತಿಗೆ ದೂರದ ಮಾರುಕಟ್ಟೆ ಹತ್ತಿರವಾಯಿತು. ಬೀಜ ಬಿಡಿಸುವ ಜಿನ್ನುಗಳು, ಅರಳೆಯನ್ನು ಒತ್ತಿ ಕಟ್ಟುವ ಪ್ರೆಸ್ಸುಗಳು ಎದ್ದವು. ಜಿನ್ನಿನ ಉರುಳೆ ಬೀಜವನ್ನು ಬಿಟ್ಟು ಅರಳೆಯನ್ನು ಎಳೆದುಕೊಳ್ಳುತ್ತದೆ. ಎಳೆಯುವಾಗ ಅರಳೆ ಯಾವುದು, ಸೀರೆಯ ಸೆರಗು ಯಾವುದು ಎಂಬ ಭೇದ ಅದಕ್ಕಿಲ್ಲ. ಒಂದೇ ಉದ್ದನೆಯ ದಂಡದಿಂದ ಹಲವು ಯಂತ್ರಗಳನ್ನು ಪಟ್ಟಾ ಹಾಕಿ ಓಡಿಸುತ್ತಿದ್ದ ಕಾಲದಲ್ಲಿ ಒಂದು ಯಂತ್ರಕ್ಕೆ ಸಿಕ್ಕಿದವರನ್ನು ಬಿಡಿಸಲು ಎಲ್ಲವೂ ನಿಲ್ಲುವ ತನಕ ಕಾಯಬೇಕಾಗಿತ್ತು.

ಬ್ರಿಟಿಷ್ ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು. ಅಪಾಯದ ಯಂತ್ರಭಾಗಗಳಿಗೆ ಅಡ್ಡಕಟ್ಟು ಹಾಕಬೇಕು, ಅಪಘಾತವನ್ನು ಸರಕಾರಕ್ಕೆ ವರದಿ ಮಾಡಬೇಕು ಎಂದು ಅದು ಹೇಳಿತು. ಆದರೆ ರಾಯಚೂರು ನಿಜಾಮರ ಸಂಸ್ಥಾನದ್ದು. ಆ ಕಾಯ್ದೆ ಇಲ್ಲಿಗೆ ಸಲ್ಲುತ್ತಿರಲಿಲ್ಲ. ಹೈದರಾಬಾದು ಭಾರತದೊಡನೆ ಒಂದಾದದ್ದು 1948ರಲ್ಲಿ. ಅದೇ ವರ್ಷದ ಕಾರ್ಖಾನೆ ಕಾಯ್ದೆಯನ್ನು ನಮ್ಮ ಸೀಮೆಯ ವಿದ್ಯಾರ್ಥಿಗಳು ಒಮ್ಮೆ ಓದಬೇಕು. ತಿರುಗುವ ಭಾಗದ ಬಳಿ ಹೋಗುವವನು ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕೆಂದು ಅದರಲ್ಲಿತ್ತು. ಹತ್ತಿ ಒತ್ತುವ ಕಾರ್ಖಾನೆಯಲ್ಲಿ ಹತ್ತಿ ಬಿಡಿಸುವ ಯಂತ್ರ ಓಡುತ್ತಿರುವ ಕಡೆ ಹೆಂಗಸರನ್ನೂ ಮಕ್ಕಳನ್ನೂ ದುಡಿಸಬಾರದೆಂದು 27ನೆಯ ಕಲಮು ಹೇಳಿತು. ಮಕ್ಕಳ ಮಾತು ಸರಿ. ಹೆಂಗಸರ ವಿಷಯದಲ್ಲಿ ಮಾತ್ರ, ಯಂತ್ರವನ್ನು ಹದ್ದಿನಲ್ಲಿಡುವುದಕ್ಕಿಂತ ಕೂಲಿಯವಳನ್ನು ಹೊರಗಿಡುವುದು ಕಾಯ್ದೆಗೆ ಸುಲಭವಾಗಿ ಕಂಡಿತೆಂದೇ ನನ್ನ ಅನಿಸಿಕೆ.

ಕಾಣದ ಗಾಯದ ಕಥೆಗೆ ನೆಲದ ಕೆಳಗೆ ಇಳಿಯಬೇಕು. ಇದೇ ಜಿಲ್ಲೆಯ ಹಟ್ಟಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಜನ 600 ಅಡಿಗೂ ಆಳಕ್ಕೆ ಚಿನ್ನ ಅರಸಿ ಹೋಗಿದ್ದರು. ಬಂಡೆಗೆ ಬೆಂಕಿಯಿಟ್ಟು ಕಾಯಿಸಿ, ಸೀಳುಬಿಡಿಸಿ ಒಡೆಯುತ್ತಿದ್ದರು. ಆ ಹೊಗೆಯಲ್ಲಿ ದುಡಿದವರ ಹೆಸರು ಉಳಿದಿಲ್ಲ. (ಅಶೋಕನ ಹೆಸರು ಮಾತ್ರ ಉಳಿಯಿತು: ಪಕ್ಕದ ಮಸ್ಕಿಯಲ್ಲಿ 1915ರಲ್ಲಿ ಆ ಶಾಸನವನ್ನು ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು.) ಹೈದರಾಬಾದ್ ಗೋಲ್ಡ್ ಮೈನ್ಸ್ ಎಂದು 1947ರಲ್ಲಿ ಆರಂಭವಾದ ಸಂಸ್ಥೆಯೇ ಮುಂದೆ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. ದೇವದುರ್ಗ ತಾಲ್ಲೂಕಿನ ಊಟಿ, ಮಾನ್ವಿ ಕಡೆಯ ಹೀರಾಬುದ್ದಿನ್ನಿಗಳಲ್ಲಿಯೂ ಅದು ಗಣಿಗಾರಿಕೆ ನಡೆಸಿತು.

ಚಿನ್ನ ಅಡಗಿರುವುದು ಹೆಚ್ಚಾಗಿ ಬೆಣಚುಕಲ್ಲಿನಲ್ಲಿ. ಬೆಣಚು ಎಂದರೆ ಸಿಲಿಕಾ. ಅದನ್ನು ಒಣಗಿದ್ದಂತೆಯೇ ಕೊರೆದರೆ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ಕಣಗಳು ಮೂಗು ಗಂಟಲಲ್ಲಿ ತಡೆದುಹೋಗುತ್ತವೆ. ಕಾಣದಷ್ಟು ಸಣ್ಣವು ಶ್ವಾಸಕೋಶದ ತಳ ಮುಟ್ಟಿ ಅಲ್ಲಿಯೇ ನಿಲ್ಲುತ್ತವೆ. ಅವುಗಳ ಸುತ್ತ ಶ್ವಾಸಕೋಶ ಗಂಟುಗಟ್ಟುತ್ತದೆ. ಇದೇ ಸಿಲಿಕೋಸಿಸ್. ಆದ ಹಾನಿಯನ್ನು ಹಿಂದಕ್ಕೆ ತರುವ ಮದ್ದಿಲ್ಲ, ಮೇಲಾಗಿ ಕ್ಷಯ ಬೇಗ ಅಂಟಿಕೊಳ್ಳುತ್ತದೆ. ಜರ್ಮನಿಯ ಅಗ್ರಿಕೋಲ 1556ರಲ್ಲಿ ಅಚ್ಚಾದ ಗ್ರಂಥದಲ್ಲಿ, ಕಾರ್ಪೇಥಿಯನ್ ಗಣಿಸೀಮೆಯಲ್ಲಿ ಏಳು ಗಂಡಂದಿರನ್ನು ಒಬ್ಬರಾದ ಮೇಲೊಬ್ಬರಂತೆ ಕಳೆದುಕೊಂಡ ಹೆಂಗಸರಿದ್ದರೆಂದು ಬರೆದಿದ್ದಾನೆ. ಇಷ್ಟು ಹಳೆಯ ತಿಳಿವಳಿಕೆ ಇದ್ದರೂ, 1923ರ ಭಾರತದ ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಸಿಲಿಕೋಸಿಸ್ ಇರಲಿಲ್ಲ. ಕೈ ಕತ್ತರಿಸಿದ್ದಕ್ಕೆ ಸಾಕ್ಷಿ ಬೇಕಿಲ್ಲ. ಊರಿಗೆ ಮರಳಿದವನು ಹತ್ತು ವರ್ಷದ ಮೇಲೆ ಕೆಮ್ಮಿದರೆ ಅದು ಗಣಿಯದೆಂದು ಹೇಳುವವರು ಯಾರು?

ಹೇಳಿದ್ದು ಎಕ್ಸ್‌ರೇ. 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ಕೋಲಾರ ಚಿನ್ನದ ಗಣಿಯಲ್ಲಿ 7,600ಕ್ಕೂ ಹೆಚ್ಚು ಕಾರ್ಮಿಕರನ್ನು ವೈದ್ಯರು ಪರೀಕ್ಷಿಸಿದಾಗ ಸುಮಾರು 3,400 ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ನೂರಕ್ಕೆ ನಲವತ್ತಕ್ಕೂ ಹೆಚ್ಚು! ಲೆಕ್ಕ ಸಿಕ್ಕಿದ ಮೇಲೆ ಅಲ್ಲಗಳೆಯುವುದು ಕಷ್ಟವಾಯಿತು.

ವಿಚಿತ್ರವೆಂದರೆ ತಡೆಯುವ ಉಪಾಯ ಬಹಳ ಸರಳ: ನೀರು. ಕೊರೆಯುವ ಸಲಾಕೆಯ ನಡುವೆ ತೂತಿಟ್ಟು ತುದಿಗೆ ನೀರು ಹಾಯಿಸಿದರೆ ಧೂಳು ಗಾಳಿಗೆ ಏಳದೆ ಕೆಸರಾಗಿ ಹರಿಯುತ್ತದೆ. ಇಂಥ ಯಂತ್ರ ಅಮೆರಿಕದಲ್ಲಿ 1890ರ ದಶಕದಲ್ಲಿಯೇ ಬಂದಿತ್ತು. ಅದಕ್ಕೆ ಮೊದಲಿನ ಒಣ ಯಂತ್ರಕ್ಕೆ ಅಲ್ಲಿನ ಗಣಿಯವರು ಇಟ್ಟ ಅಡ್ಡಹೆಸರಿನ ಅರ್ಥ, ಹೆಂಡತಿಯನ್ನು ವಿಧವೆ ಮಾಡುವುದು ಎಂದು. ನೀರಿನ ಬಳಿಕ ಗಾಳಿಯಾಟ, ಸಿಡಿಮದ್ದು ಹಾರಿಸಿದ ಮೇಲೆ ಧೂಳು ಅಡಗುವ ತನಕ ಕಾಯುವುದು. ಮುಖಕವಚ ಕೊನೆಯ ಮಾತು. ಮೂಗಿಗೆ ಕಟ್ಟಿದ ಟವೆಲು ಈ ಸಣ್ಣ ಕಣಗಳನ್ನು ತಡೆಯದು. ಕಲ್ಲುಪುಡಿ ಮಾಡುವ ಕ್ರಷರಿನಲ್ಲಿ ಟವೆಲು ಕಟ್ಟಿ ದುಡಿಯುವವರು ನಿಮಗೆ ಗೊತ್ತಿದ್ದರೆ ಇಷ್ಟನ್ನು ತಿಳಿಸಿ.

1984ರ ಭೋಪಾಲ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ತಾನು ಮುಟ್ಟುವ ವಸ್ತುವಿನ ಅಪಾಯವೇನೆಂದು ತಿಳಿಯುವ ಹಕ್ಕನ್ನು ಕಾರ್ಮಿಕನಿಗೆ ಕೊಡಲಾಯಿತು. ಆದರೆ ಮಾನ್ವಿಯ ಕಾಲುವೆ ಗದ್ದೆಯಲ್ಲಾಗಲಿ ದೇವದುರ್ಗದ ಹತ್ತಿಹೊಲದಲ್ಲಾಗಲಿ ಎಣ್ಣೆ ಹೊಡೆಯುವ ಕೂಲಿಯವನು ಯಾವ ಕಾರ್ಖಾನೆಯ ಹಾಜರಿ ಪುಸ್ತಕದಲ್ಲೂ ಇಲ್ಲ. ಹೊಲದ ಯಂತ್ರಕ್ಕೆಂದು ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಮಾಡಿತು. ಒಕ್ಕಣೆ ಯಂತ್ರಕ್ಕೆ ಪೈರು ಒಡ್ಡುವಾಗ ಅನೇಕರ ಕೈ ಹೋಗಿದ್ದೇ ಅದಕ್ಕೆ ಕಾರಣ. ಪೈರು ಹಾಕುವ ದೋಣಿಯನ್ನು ತೋಳಿಗಿಂತ ಉದ್ದ ಮಾಡಿ ಮೇಲೆ ಮುಚ್ಚಿದರೆ ಒಳಗಿನ ಹಲ್ಲಿಗೆ ಬೆರಳು ಮುಟ್ಟುವುದಿಲ್ಲ. ಮುಂದಿನ ಸುಗ್ಗಿಯಲ್ಲಿ ನಿಮ್ಮೂರ ಕಣಕ್ಕೆ ಯಂತ್ರ ಬಂದಾಗ, ಅದರ ದೋಣಿ ಎಷ್ಟು ಉದ್ದವಿದೆ ಎಂದು ಯಂತ್ರ ನಿಂತಿರುವಾಗಲೇ ಅಳೆದು ನೋಡಿ.